ಇಳಿಕೆಯ ಕಾಲದಲ್ಲಿ ಗೃಹಸ್ಥನ ವಿವೇಕ



ಹೊಲ, ಬಂಗಾರ, ಬ್ಯಾಂಕಿನ ಠೇವಣಿ ಇವಿಷ್ಟೇ ಉಳಿತಾಯವೆನಿಸಿದ್ದ ಕಾಲ ಹೋಗಿ, ಇಂದು ನಮ್ಮ ಮನೆಗಳ ಹಣ ಷೇರುಪೇಟೆಗೂ ಮ್ಯೂಚುವಲ್ ಫಂಡಿಗೂ ಸೇರುತ್ತಿದೆ. ಪೇಟೆ ಏರುವಾಗ ಯಾರಿಗೂ ಸಂದೇಹವಿಲ್ಲ. ಅದು ಕುಸಿದಾಗ ಮಾತ್ರ ‘ಮಾರಿ ಹೊರಬರಬೇಕೋ, ಹಿಡಿದು ಕೂಡಬೇಕೋ’ ಎಂಬ ಚಿಂತೆ ಮನೆಯ ನೆಮ್ಮದಿಯನ್ನೇ ಕದಡುತ್ತದೆ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. ಒಣದ್ರಾಕ್ಷಿಯ ಧಾರಣೆ ಬಿದ್ದ ವರ್ಷ ತಿಕೋಟಾ, ಬಬಲೇಶ್ವರ ಭಾಗದ ಬೆಳೆಗಾರರು ಇದನ್ನೇ ಎದುರಿಸುತ್ತಾರೆ. ಮಾಲನ್ನು ಶೀತಲಗೃಹದಲ್ಲಿಟ್ಟು ಕಾಯುವವರುಂಟು. ಬಂದ ಬೆಲೆಗೇ ಕೊಟ್ಟುಬಿಡುವವರೂ ಉಂಟು. ಇವರೊಳಗಿನ ಭೇದ ಬಹುಮಟ್ಟಿಗೆ ಧೈರ್ಯದ್ದಲ್ಲ, ಸಾಲದ್ದು. ಬಡ್ಡಿ ಬೆಳೆಯುತ್ತಿರುವವನಿಗೆ, ಮಗಳ ಮದುವೆಯ ಮುಹೂರ್ತ ಗೊತ್ತಾದವನಿಗೆ ಕಾಯುವ ಸ್ವಾತಂತ್ರ್ಯವೇ ಇರುವುದಿಲ್ಲ. ಷೇರಿನ ವಿಷಯದಲ್ಲಿಯೂ ಮೊದಲು ನೋಡಬೇಕಾದುದು ಇದನ್ನೇ: ಈ ಹಣ ಯಾರದು, ಮನೆಗೆ ಯಾವಾಗ ಬೇಕಾಗುವುದು?

ಕಾಲಾವಧಿಯ ಬೆಲೆಯನ್ನು ಕಳೆದ ವರ್ಷಗಳೇ ತಿಳಿಸುತ್ತವೆ. 2008ರ ಜನವರಿಯಲ್ಲಿ 21,000 ದಾಟಿದ್ದ ಮುಂಬಯಿ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8,200ಕ್ಕೂ ಕೆಳಗಿಳಿಯಿತು. 2010ರ ನವೆಂಬರಿನಲ್ಲಿ ಮತ್ತೆ 21,000 ಮುಟ್ಟಿತಾದರೂ ಅಲ್ಲಿ ನಿಲ್ಲದೆ ಪುನಃ ಇಳಿಯಿತು. ಆ ಎತ್ತರವನ್ನು ಮೀರಿದ್ದು 2013ರ ಕೊನೆಯ ತಿಂಗಳುಗಳಲ್ಲಿ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 23ರಂದು, ಒಂದೇ ದಿನ ಶೇ. 13ರಷ್ಟು ಕುಸಿದ ಅದೇ ಸೂಚ್ಯಂಕ ಆ ವರ್ಷ ಮುಗಿಯುವುದರೊಳಗೆ ಹಿಂದಿನ ಎತ್ತರವನ್ನು ದಾಟಿತು. ಒಮ್ಮೆ ಕಾಯಬೇಕಾದದ್ದು ತಿಂಗಳುಗಳು, ಇನ್ನೊಮ್ಮೆ ವರ್ಷಗಳು. ಮುಂದಿನ ಸಲ ಎಷ್ಟೆಂದು ಹೇಳಬಲ್ಲವರಿಲ್ಲ. ಆದಕಾರಣ ಐದಾರು ವರ್ಷಗಳೊಳಗೆ ಬೇಕಾಗುವ ಹಣವನ್ನು ಅಲ್ಲಿಡಲಾಗದು.

ಕಾಯುವುದೊಂದೇ ಗುಣವೂ ಅಲ್ಲ. ಸೂಚ್ಯಂಕದಲ್ಲಿ ಅನೇಕ ಕಂಪನಿಗಳಿರುವುದರಿಂದ ಒಂದು ಬಿದ್ದರೆ ಇನ್ನೊಂದು ಎತ್ತುತ್ತದೆ. ಒಂಟಿ ಕಂಪನಿಗೆ ಆ ಆಸರೆಯಿಲ್ಲ. ಬೆಂಗಳೂರಿನ ಎರಡು ನಿದರ್ಶನಗಳನ್ನು ನೋಡಿರಿ. 2000ದಲ್ಲಿ ಬಹು ಎತ್ತರಕ್ಕೇರಿದ್ದ ಇನ್ಫೋಸಿಸ್ ಷೇರು 2001ರಲ್ಲಿ ಪಾತಾಳಕ್ಕಿಳಿದರೂ ಕಂಪನಿಯ ಕೆಲಸವಾಗಲಿ ಲಾಭವಾಗಲಿ ನಿಲ್ಲಲಿಲ್ಲ, ಕಾದವರು ಕೆಡಲಿಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ವರುಷ ವರುಷವೂ ನಷ್ಟದಲ್ಲಿ, ಸಾಲದಲ್ಲಿ ಮುಳುಗಿ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಅಲ್ಲಿ ಕಾದವರ ಕೈಗೆ ಏನೂ ಮರಳಲಿಲ್ಲ. ಏಪ್ರಿಲ್ ಚಾಟನಿಯಾದ ಬಳ್ಳಿ ಬೋಳಾಗಿ ಕಂಡಿತೆಂದು ರೈತ ಅದನ್ನು ಕೀಳುವುದಿಲ್ಲ. ಬೇರು ಕೊಳೆತ ಬಳ್ಳಿಗೆ ನೀರು ಹಾಯಿಸುವುದೂ ಇಲ್ಲ.

ಕುಸಿತದ ದಿನಗಳಲ್ಲಿ ವದಂತಿಗಳಿಗೆ ಬರವಿಲ್ಲ. ಗೋಳಗುಮ್ಮಟದೊಳಗೆ ಒಬ್ಬನೇ ಕೂಗಿದರೂ ದನಿ ಏಳೆಂಟು ಸಲ ಮರಳಿ ಕೇಳುತ್ತದೆ. ಅದರಿಂದ ಕೂಗಿದವರು ಏಳು ಜನರೆಂದಾಗದು. ಹತ್ತು ಮೊಬೈಲುಗಳಲ್ಲಿ ಬಂದ ಸುದ್ದಿಯೂ ಒಂದೇ ಬಾಯಿಯದಾಗಿರಬಹುದು.

ಹೀಗಾಗಿ ಗೃಹಸ್ಥರು ತಮ್ಮ ಹಣವನ್ನು ಮೂರಾಗಿ ವಿಂಗಡಿಸಿ ನೋಡಲಿ. ಸಾಲ ಮಾಡಿ, ಬಂಗಾರ ಒತ್ತೆಯಿಟ್ಟು ಕೊಂಡ ಷೇರಾದರೆ ನಷ್ಟವಾದರೂ ಮಾರಿ ಸಾಲ ತೀರಿಸುವುದೇ ಲೇಸು. ಬಡ್ಡಿ ಪೇಟೆಗಾಗಿ ಕಾಯುವುದಿಲ್ಲ. ಸಮೀಪದಲ್ಲೇ ಮಕ್ಕಳ ಫೀಸಿಗೋ ಶುಭಕಾರ್ಯಕ್ಕೋ ಬೇಕಾದ ಹಣವಾದರೆ ಬೇಕಾದಷ್ಟನ್ನು ಈಗಲೇ ಹಿಂತೆಗೆದು ಠೇವಣಿಯಲ್ಲಿಡಲಿ. ಕಾಯಕದಿಂದ ಗಳಿಸಿ, ಮನೆಯ ಖರ್ಚು ದಾಸೋಹಗಳೆಲ್ಲ ಕಳೆದು ಉಳಿದದ್ದು, ಹಲವು ಒಳ್ಳೆಯ ಕಂಪನಿಗಳಲ್ಲಿ ಹಂಚಿದ್ದು, ದೀರ್ಘಕಾಲಕ್ಕೆಂದೇ ಇಟ್ಟದ್ದಾದರೆ ನಿಶ್ಚಿಂತೆಯಿಂದ ಇರಲಿ. ತಿಂಗಳ ಕಂತನ್ನೂ ನಿಲ್ಲಿಸಬೇಕಿಲ್ಲ.

ಈ ವಿಂಗಡಣೆಯನ್ನು ಯಜಮಾನನೊಬ್ಬನೇ ಮನದಲ್ಲಿ ಮಾಡದೆ, ಮಡದಿ ಮಕ್ಕಳೊಡನೆ ಕುಳಿತು ಬರೆದಿಡಲಿ. ಲಾಭ ಬಂದಾಗ ಹೇಳಿ ನಷ್ಟವಾದಾಗ ಮುಚ್ಚಿಡುವ ಮನೆಯಲ್ಲಿ ಹಣಕ್ಕಿಂತ ಮೊದಲು ವಿಶ್ವಾಸ ಕರಗುತ್ತದೆ. ಅದನ್ನು ಯಾವ ಪೇಟೆಯೂ ಮರಳಿ ಕೊಡಲಾರದು.