ಗೃಹಸ್ಥರ ವಿಹಾರ: ಜೋಗಿಮಟ್ಟಿಯ ಬಳಸುಹಾದಿ

ಚಿತ್ರದುರ್ಗವೆಂದೊಡನೆ ವಾಚಕರಿಗೆ ಕೋಟೆಯೂ ಬಿಸಿಲೂ ನೆನಪಿಗೆ ಬರುವುವು. ಆ ಊರಿನ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಜೋಗಿಮಟ್ಟಿಯ ತಂಪನ್ನು ಅರಿತವರು ಕೆಲವರೇ. ಆಡುಮಲ್ಲೇಶ್ವರದ ಮಾರ್ಗವಾಗಿ ಏರಿದರೆ ಕುರುಚಲು ಕಾಡು ಕ್ರಮೇಣ ತೆರವಾಗಿ, ಹುಲ್ಲು ಹೊದೆದ ನೆತ್ತಿಗಳು ಸಾಲುಗೂಡಿ ಕಾಣುವುವು. ಮಳೆಗಾಲದಲ್ಲಿ ಮೋಡವು ನೆಲವನ್ನೇ ಸವರಿಕೊಂಡು ಹೋಗುವುದು; ನೆನೆದ ಹುಲ್ಲಿನ ಮೇಲೆ ಕಾಲು ಜಾರುವುದು. ದಿಬ್ಬದಿಂದ ದಿಬ್ಬಕ್ಕೆ ಬಳಸಿ ಹೊರಟಲ್ಲಿಗೇ ಮರಳಬಯಸುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರ ಜೊತೆಗೂಡಿ, ಸಂಜೆಗೆ ಮುನ್ನವೇ ಇಳಿಯತಕ್ಕದ್ದು. ಇದು ಚಿರತೆ ಕರಡಿಗಳ ನೆಲೆ. 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು.

ಈ ಹುಲ್ಲನ್ನು ವ್ಯರ್ಥವೆಂದೆಣಿಸಲಾಗದು. ಓಡುವ ಮಳೆನೀರನ್ನು ತಡೆದು ಮಣ್ಣಿಗಿಳಿಸುವುದು ಅದೇ. ಹಿಮವತ್ಕೇದಾರದ ಗವಿಯಲ್ಲಿ ಬಂಡೆಯಿಂದಿಳಿಯುವ ನೀರನ್ನು ಕಂಡವರಿಗೆ ಗುಡ್ಡವು ನೀರನ್ನು ಹೇಗೆ ಕೂಡಿಡುವುದೆಂಬುದು ತಿಳಿದೀತು. ಬೇಸಗೆಯಲ್ಲಿ ಒಂದು ಬೀಡಿಯ ಕಿಡಿಯು ಇಡೀ ಇಳಿಜಾರನ್ನು ಸುಟ್ಟುಬಿಡಬಲ್ಲುದು; ಬೆಂದ ನೆಲದ ಮಣ್ಣು ಮೊದಲ ಬಿರುಮಳೆಗೇ ಕೊಚ್ಚಿಹೋಗುವುದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಆ ನಷ್ಟವು ಕಡೆಗೆ ತಟ್ಟುವುದು ಬಾವಿ ಕೆರೆಗಳಿಗೆ. ಆದಕಾರಣ ಮಕ್ಕಳೊಡನೆ ಹೊರಡುವ ಗೃಹಸ್ಥರು ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು, ಬೆಂಕಿಪೊಟ್ಟಣವನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕೆಂದು ನಾವು ಬಿನ್ನವಿಸುತ್ತೇವೆ.