ಮುದಗಲ್ಲಿನ ಅಜ್ಜಿಯ ಜಪಸರ

ಮಾನ್ವಿ, ದೇವದುರ್ಗ ಎಂದೊಡನೆ ನೆನಪಾಗುವವರು ದಾಸರು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲರೂ ಈ ಸೀಮೆಯವರೇ. ಇದೇ ಸೀಮೆಯಲ್ಲಿ ಇನ್ನೊಂದು ಭಕ್ತಿಯೂ ಸದ್ದಿಲ್ಲದೆ ಬಾಳಿಕೊಂಡು ಬಂದಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕಥೋಲಿಕ ಕ್ರೈಸ್ತರು ಆದಿಲಶಾಹಿ ಕಾಲದಿಂದಲೂ ಇದ್ದಾರೆ.

ಆ ಮುದಗಲ್ಲಿನಲ್ಲಿ ಹುಟ್ಟಿದವಳು ಈ ಅಜ್ಜಿ. ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರ ದಲಿತ ಕ್ರೈಸ್ತ ಮನೆಗೆ ಸೊಸೆಯಾಗಿ ಬಂದಳು. ಮಗಳನ್ನು ದೇವದುರ್ಗಕ್ಕೆ ಕೊಟ್ಟಳು. ಕೊನೆಯ ವರ್ಷಗಳನ್ನು ರಾಯಚೂರಿನಲ್ಲಿ ಮಗನ ಮನೆಯಲ್ಲಿ ಕಳೆದು 2019ರಲ್ಲಿ ಕಣ್ಣು ಮುಚ್ಚಿದಳು. ಗಂಡ ಬೇಗ ತೀರಿಕೊಂಡಿದ್ದರಿಂದ ಹತ್ತಿ ಬಿಡಿಸಿ, ಕಳೆ ಕಿತ್ತು ಇಬ್ಬರು ಮಕ್ಕಳನ್ನು ಸಾಕಿದ್ದಳು.

ಅಕ್ಷರ ಬಾರದು. ಆದರೆ ಪರಲೋಕ ಮಂತ್ರ, ನಮೋ ಮರಿಯಾ, ಸಂತರ ಪ್ರಾರ್ಥನೆಗಳೆಲ್ಲ ಬಾಯಿಪಾಠ. ನಸುಕಿಗೆ ಎದ್ದು ರೊಟ್ಟಿ ತಟ್ಟುವಾಗಲೂ ತುಟಿ ಅಲ್ಲಾಡುತ್ತಲೇ ಇರುತ್ತಿದ್ದವು. ಸಂಜೆ ಜಪಸರ ತಪ್ಪುವಂತಿಲ್ಲ. ಜಪಸರದಲ್ಲಿ ಮಣಿಗಳು 59. ಅದರಲ್ಲಿ 53 ನಮೋ ಮರಿಯಾಕ್ಕೆ, 6 ಪರಲೋಕ ಮಂತ್ರಕ್ಕೆ. ಲೆಕ್ಕ ಕಲಿಯದ ಆಕೆಯ ಬೆರಳು ಒಂದು ದಿನವೂ ಲೆಕ್ಕ ತಪ್ಪಲಿಲ್ಲ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಜಪಸರದ 15 ರಹಸ್ಯಗಳಿಗೆ ಬೆಳಕಿನ ರಹಸ್ಯಗಳೆಂದು ಇನ್ನೂ 5 ಸೇರಿಸಿದರು. ಅರವತ್ತರ ಆಚೀಚೆ ಇದ್ದ ಆಕೆ ಅವನ್ನೂ ಕೇಳಿ ಕೇಳಿಯೇ ಕಲಿತಳು. ಎರಡನೆಯ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಪೂಜೆ ಹೋಗಿ ಕನ್ನಡ ಪೂಜೆ ಬಂದಾಗ, “ದೇವರಿಗೂ ನಮ್ಮ ಮಾತು ತಿಳೀತದಂತ ಈಗರೆ ಗೊತ್ತಾತು” ಎಂದು ನಕ್ಕಿದ್ದಳಂತೆ.

ಮೊಹರಂ ಬಂದರೆ ತವರಿಗೆ ಹೋಗಲೇಬೇಕು. ಮುದಗಲ್ಲಿನ ಮೊಹರಂಗೆ ಜಾತಿ ಮತ ಮರೆತು ಜನ ಸೇರುತ್ತಾರೆ. ಈಕೆಯೂ ಎಲ್ಲರಂತೆ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಫಾದರಿಗೆ ಮಾತ್ರ ಹೇಳುತ್ತಿರಲಿಲ್ಲ!

ಇಂಥ ಅಜ್ಜಿಯ ಬಗ್ಗೆ ಮಗನಿಗೆ ಒಂದು ನೋವು ಉಳಿದುಬಿಟ್ಟಿತು. ಅದನ್ನು ಮರೆಮಾಚಿ ಆಕೆಯನ್ನು ಹೊಗಳುವುದು ಸರಿಯಾಗದು.

1996ರಲ್ಲಿ ಮಗ ಸರ್ಕಾರಿ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಲು ಹೊರಟ. ಹಳ್ಳಿಯ ಶಾಲೆಯ ದಾಖಲೆಯಲ್ಲಿ ಮೇಷ್ಟ್ರು ಅವನನ್ನು ಹಿಂದೂ ಎಂದೇ ಬರೆದಿದ್ದರು. ಪರಿಶಿಷ್ಟ ಜಾತಿಯ ಪ್ರಮಾಣಪತ್ರ ತರುವುದು ಕಷ್ಟವಿರಲಿಲ್ಲ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಿಗೆ ಮಾತ್ರ ಆ ಸ್ಥಾನ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರು ಪ್ರವರ್ಗ 1ಕ್ಕೆ ಸೇರುತ್ತಾರೆ. ಆಗ ಪರಿಶಿಷ್ಟ ಜಾತಿಗೆ ಶೇಕಡಾ 15 ಮೀಸಲಿದ್ದರೆ ಪ್ರವರ್ಗ 1ಕ್ಕೆ ಶೇಕಡಾ 4. ಹಳ್ಳಿಯಲ್ಲಿ ಮಾತ್ರ ಚಹಾದ ಲೋಟ ಬೇರೆ, ಕೂಡುವ ಜಾಗ ಬೇರೆ. ಕೊರಳಲ್ಲಿ ಶಿಲುಬೆ ಇದ್ದುದರಿಂದ ಅದೇನೂ ಬದಲಾಗಿರಲಿಲ್ಲ.

“ಸುಮ್ಮನಿದ್ದರಾಯ್ತು ಯವ್ವಾ, ಯಾರು ಕೇಳ್ತಾರ?” ಎಂದ ಮಗ. “ಕಾಗದಕ್ಕೊಂದು ದೇವರು, ಮನಿಗೊಂದು ದೇವರು ಬ್ಯಾಡಪ್ಪ. ಸುಳ್ಳು ಬರದು ಉಣ್ಣೋದು ನನಗ ದಕ್ಕೂದಿಲ್ಲ” ಎಂದಳು ತಾಯಿ. ಮೂರು ದಿನ ಊಟ ಬಿಟ್ಟಳು. ಮಗ ಸೋತು ನಿಜವನ್ನೇ ಬರೆಸಿದ. ಕೆಲಸ ಸಿಗಲಿಲ್ಲ. ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನಾದ. ಆ ಬಳಿಕ ಏಳೆಂಟು ವರ್ಷ ಗುಡಿಯ ಮೆಟ್ಟಿಲು ಹತ್ತಲಿಲ್ಲ.

“ಅವ್ವನ ಮಾತು ಖರೇನ. ಆದರ ಅದರ ರೊಕ್ಕ ಕೊಟ್ಟವ ನಾನು” ಎನ್ನುತ್ತಾನೆ ಆತ ಇಂದಿಗೂ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಹಾಗೆಂದು ಆಕೆಯದು ಹಟ ಎನ್ನಲೂ ಮನಸ್ಸು ಬಾರದು. ಸುಳ್ಳು ಹೇಳಿದರೆ ಅನ್ನ, ನಿಜ ಹೇಳಿದರೆ ಉಪವಾಸ ಎಂಬ ಇಕ್ಕಟ್ಟು ಆಕೆ ಮಾಡಿದ್ದಲ್ಲ, ಕಾನೂನು ಮಾಡಿದ್ದು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ತೆಗೆಯಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಇದೇ ಪ್ರಶ್ನೆಗೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಕ್ರೈಸ್ತ ಧರ್ಮ ಪಾಲಿಸುತ್ತ ಸೌಲಭ್ಯಕ್ಕಾಗಿ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಬ್ಬೆಟ್ಟಿನ ಅಜ್ಜಿ ಅದನ್ನೇ 28 ವರ್ಷ ಮೊದಲು ತನ್ನ ಮಾತಿನಲ್ಲಿ ಹೇಳಿದ್ದಳು.

ಕೊನೆಯ ಎರಡು ವರ್ಷ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಸಂಜೆ ಜಪಕ್ಕೆ ಕೂತಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಎರಡನೆಯ ಭಾಗ ಹೇಳುತ್ತಿದ್ದಳು. ಮಗ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮೊಮ್ಮಗಳು ಎಲ್ಲಾದರೂ ಪದ ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಿದ್ದ. ಜಪಸರ ಈಗ ಆ ಹುಡುಗಿಯ ಬಳಿ ಇದೆ. ಅವಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಜಾತಿ ಪ್ರಮಾಣಪತ್ರದಲ್ಲಿ ಪ್ರವರ್ಗ 1 ಎಂದೇ ಇದೆ. ಹಾಗೆ ಬರೆಸಿದವನು ಅಪ್ಪ.