ಸ್ಥಳವಿಲ್ಲದ್ದು ಎಲ್ಲಿ?

ಭೀಮಾತೀರದ ಘತ್ತರಗಿಯಿಂದ ವಾಚಕರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಭಾಗ್ಯವಂತಿಯ ಗುಡಿಯ ಭಜನೆಯನ್ನು ಧ್ವನಿಮುದ್ರಿಸಲೆಂದು, ನಾಲ್ಕು ನಾಲ್ಕು ಮೈಕುಗಳ ಎರಡು ಹಳೆಯ ಯು.ಎಸ್.ಬಿ. ಪೆಟ್ಟಿಗೆಗಳನ್ನು ಒಂದೇ ಹಬ್ಬಿನ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದರಂತೆ. ಬೇರೆ ಬೇರೆಯಾಗಿ ಎರಡೂ ಸರಿ. ಕೂಡಿಸಿದೊಡನೆ ಒಂದು ಮೂಕ. ‘ಸಾಧನದಲ್ಲಿ ಸ್ಥಳ ಉಳಿದಿಲ್ಲ’ ಎಂಬ ಉತ್ತರ ಬೇರೆ. ಗತಿಸಿದ ತಂದೆಯವರ ಭಜನೆಗಳ ಮುದ್ರಣವನ್ನು ಅಳಿಸಿ ಸ್ಥಳ ಮಾಡಿಕೊಳ್ಳಲೇ ಎಂದು ಕೇಳಿದ್ದಾರೆ.

ಮಹಾಶಯರೆ, ದಯವಿಟ್ಟು ಅಳಿಸಬೇಡಿ! ಸ್ಥಳವಿಲ್ಲದ್ದು ಡಿಸ್ಕಿನಲ್ಲಲ್ಲ, ದಾರಿಯಲ್ಲಿ.

ಡಿಸ್ಕು ತುಂಬಿದಾಗಲೂ ಯು.ಎಸ್.ಬಿ. ದಾರಿ ತುಂಬಿದಾಗಲೂ ಲಿನಕ್ಸ್ ತೋರುವುದು ಒಂದೇ ದೋಷಸಂಖ್ಯೆ, 28. ಗೊಂದಲಕ್ಕೆ ಇದೇ ಮೂಲ. ಕರ್ನೆಲ್ಲಿನ ದಾಖಲೆಯನ್ನು ತೆರೆದು ನೋಡಿದರೆ ಅದೇ ಸಂಖ್ಯೆಯ ಪಕ್ಕದಲ್ಲಿ ಬ್ಯಾಂಡ್‌ವಿಡ್ತ್ ಸಾಲದೆಂಬ ಮಾತು ಕಾಣುವುದು.

ಲೆಕ್ಕ ಸುಲಭವಾಗಿದೆ. 1998ರ ಯು.ಎಸ್.ಬಿ. 1.1ರ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಮಿಲಿಸೆಕೆಂಡಿಗೆ 1500 ಬೈಟು. ಹೊತ್ತಿಗೆ ಸರಿಯಾಗಿ ತಲುಪಬೇಕಾದ ಧ್ವನಿಯಂಥ ಸರಕಿಗೆ ಅದರಲ್ಲಿ ಶೇಕಡಾ 90, ಎಂದರೆ 1350 ಬೈಟು ಮಾತ್ರ ಮೀಸಲು. ಸೆಕೆಂಡಿಗೆ 48,000 ಮಾದರಿ, ಮಾದರಿಗೆ 24 ಬಿಟ್ ಎಂದರೆ ಒಂದು ಮೈಕಿಗೆ 144 ಬೈಟು. ನಾಲ್ಕು ಮೈಕು, ಹೆಡ್‌ಫೋನಿಗೆ ಮರಳುವ ಎರಡು ಧ್ವನಿಧಾರೆ ಸೇರಿ ಒಂದು ಪೆಟ್ಟಿಗೆಗೆ 864. ಅದು ಹಿಡಿಸುತ್ತದೆ, ಎರಡಕ್ಕೆ ಬೇಕಾದ 1728 ಹಿಡಿಸದು.

ಜಾತ್ರೆಯ ದಿನ ಬಸ್ಸಿನಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿಯುವವರುಂಟಷ್ಟೆ. ಧ್ವನಿಪೆಟ್ಟಿಗೆಯೂ ಅಂತೆಯೇ, ಮೈಕು ಮೌನವಾಗಿದ್ದರೂ ಹಿಡಿದ ಸೀಟನ್ನು ಬಿಟ್ಟುಕೊಡದು. ನಡುದಾರಿಯಲ್ಲಿ ಹಾಡು ಕಡಿಯುವುದಕ್ಕಿಂತ ಹತ್ತಿಸಿಕೊಳ್ಳದಿರುವುದೇ ಲೇಸೆಂದು ಲಿನಕ್ಸ್ ಎರಡನೆಯ ಪೆಟ್ಟಿಗೆಯನ್ನು ಹೊರಗೇ ನಿಲ್ಲಿಸುತ್ತದೆ.

ಕಂಪ್ಯೂಟರಿನಲ್ಲಿ 480 ಮೆಗಾಬಿಟ್ಟಿನ ಯು.ಎಸ್.ಬಿ. 2.0 ಇದೆಯಲ್ಲ ಎನ್ನಬಹುದು. ಇದ್ದರೂ, ಅನೇಕ ಹಬ್ಬುಗಳು ತಮಗೆ ಜೋಡಿಸಿದ ಹಳೆಯ ಸಾಧನಗಳಿಗೆಲ್ಲ ಕೂಡಿ 12 ಮೆಗಾಬಿಟ್ಟಿನ ಒಂದೇ ಓಣಿಯನ್ನು ಬಿಡುತ್ತವೆ.

ಆದುದರಿಂದ ಮೊದಲು ಹಬ್ಬನ್ನು ತೆಗೆದು, ಪೆಟ್ಟಿಗೆಗಳನ್ನು ಕಂಪ್ಯೂಟರಿನ ಬೇರೆ ಬೇರೆ ಪೋರ್ಟುಗಳಿಗೆ ನೇರವಾಗಿ ಜೋಡಿಸಿ ನೋಡಿ. ಅದಾಗದಿದ್ದರೆ 16 ಬಿಟ್ಟಿಗೆ ಇಳಿಸಿ, ಒಂದು ಪೆಟ್ಟಿಗೆಯ ಹೆಡ್‌ಫೋನ್ ಧಾರೆಯನ್ನು ನಿಲ್ಲಿಸಿರಿ. ಆಗ ಎರಡಕ್ಕೂ ಕೂಡಿ 960 ಬೈಟು ಸಾಕು. ಭಜನೆಗೆ ಇದರಿಂದ ಕುಂದೇನೂ ಬಾರದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ತಂದೆಯವರ ಭಜನೆಗಳ ಮತ್ತೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಂದೇ ತೆಗೆದಿಡಿ.